ಫೋಟೋದ ಅಂಚಿನಲ್ಲಿ ನಿಂತವರ ಹೆಸರೇನು?

ಹಳಿಯಾಳ ತಾಲ್ಲೂಕಿನ ಹಳೆಯ ವಾಡೆಯೊಂದರಲ್ಲಿ ಅಣ್ಣತಮ್ಮಂದಿರ ಪಾಲು ನಡೆದಾಗ ನಾನು ಅಲ್ಲಿದ್ದೆ. ಹೊಲ, ಗದ್ದೆ, ತಾಮ್ರದ ಹಂಡೆ, ಹಿತ್ತಾಳೆಯ ಸಮೆ, ಸಾಗವಾನಿ ತೊಲೆ ಎಲ್ಲಕ್ಕೂ ಲೆಕ್ಕ ಆಯಿತು. ತೂಗುಮಣೆ ಯಾರಿಗೆ ಎಂಬ ವಾದಕ್ಕೇ ಒಂದು ಸಂಜೆ ಹೋಯಿತು. ಪಡಸಾಲೆಯ ಗೋಡೆಯ ಮೇಲಿದ್ದ ಹನ್ನೊಂದು ಫೋಟೋ ಮಾತ್ರ ಯಾರಿಗೂ ಬೇಡವಾಗಿದ್ದವು. ಗೊಬ್ಬರದ ಚೀಲ ಸೇರಿ ಅಟ್ಟ ಹತ್ತಿದವು. ಎರಡು ಮಳೆಗಾಲ ಕಳೆದ ಮೇಲೆ ಚೀಲ ಬಿಚ್ಚಿದರೆ ನಾಲ್ಕು ಫೋಟೋ ಗಾಜಿಗೆ ಅಂಟಿದ್ದವು, ಮೂರಕ್ಕೆ ಒರಲೆ ಹಿಡಿದಿತ್ತು, ನೆಟ್ಟಗಿದ್ದವು ನಾಲ್ಕೇ.

ಆ ನಾಲ್ಕರಲ್ಲಿ ಒಂದು ಇನ್ನೂ ನನ್ನ ಕಣ್ಣ ಮುಂದಿದೆ. ನಡುವೆ ಕುರ್ಚಿಯ ಮೇಲೆ ರುಮಾಲು ಸುತ್ತಿದ ಯಜಮಾನರು, ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ. ಅಕ್ಕಪಕ್ಕ ಜರಿ ಟೋಪಿಯ ಮಕ್ಕಳು. ಎಡ ತುದಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಎತ್ತಿನ ಮೂಗುದಾರ ಹಿಡಿದು ನಿಂತ ಒಬ್ಬ. ಯಜಮಾನರ ಹೆಸರು ಎಲ್ಲರಿಗೂ ಗೊತ್ತಿತ್ತು. ಎತ್ತಿನ ಹೆಸರು ಕೂಡ ಮನೆಯ ಹಿರಿಯ ಸೊಸೆಗೆ ನೆನಪಿತ್ತು. ಮೂಗುದಾರ ಹಿಡಿದವನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಹಳೆಯ ಫೋಟೋ ಕಾಪಾಡುವುದು ಅಂದಕೂಡಲೇ ನಾವು ಸ್ಕ್ಯಾನರ್, ಪೆಟ್ಟಿಗೆ, ಹಾರ್ಡ್ ಡಿಸ್ಕ್ ಎನ್ನುತ್ತೇವೆ. ಅವೆಲ್ಲ ಬೇಕು, ಮುಂದೆ ಬರುತ್ತವೆ. ಆದರೆ ಕಾಗದಕ್ಕಿಂತ ಮೊದಲು ಸಾಯುವುದು ಹೆಸರು. ನೂರು ವರ್ಷದ ಪ್ರಿಂಟು ಒಣ ಜಾಗದಲ್ಲಿದ್ದರೆ ಇನ್ನೂ ನೂರು ವರ್ಷ ಇದ್ದೀತು. ಅದರಲ್ಲಿರುವವರು ಯಾರು ಎಂದು ಹೇಳಬಲ್ಲ ಎಂಬತ್ತೈದರ ಅಜ್ಜಿ ಮುಂದಿನ ಮಳೆಗಾಲ ಕಾಣುತ್ತಾರೆಂದು ಯಾರು ಹೇಳಬೇಕು?

ಗೋಡೆ ಕೂಡ ದಾಖಲೆ

ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿರುವ ಫೋಟೋಗಳಿಗೆ ಬೇರೆಡೆ ಇಲ್ಲದ ಬೆಲೆ ಇದೆ. ಜೋಯಿಡಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿದ್ದ ಸೂಪಾ ಹಿಂದೆ ತಾಲ್ಲೂಕು ಕೇಂದ್ರ. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, ಹಿನ್ನೀರು ಆ ಪಟ್ಟಣವನ್ನೂ ಸುತ್ತಲಿನ ಹಳ್ಳಿಗಳನ್ನೂ ನುಂಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ಸೂಪಾದಲ್ಲಿ ತೆಗೆದ ಒಂದು ಮದುವೆ ಫೋಟೋ ನಿಮ್ಮ ಟ್ರಂಕಿನಲ್ಲಿದ್ದರೆ, ಅದರಲ್ಲಿ ಮದುಮಕ್ಕಳಷ್ಟೇ ಮುಖ್ಯ ಅವರ ಬೆನ್ನ ಹಿಂದಿನ ಗೋಡೆ, ಅಂಗಡಿಯ ಬೋರ್ಡು, ದೇವಸ್ಥಾನದ ಮೆಟ್ಟಿಲು. ಆ ಗೋಡೆಯನ್ನು ಇನ್ನು ಹೋಗಿ ನೋಡುವಂತಿಲ್ಲ. ಅದಕ್ಕೇ ಮೊದಲ ಮಾತು: ಸ್ಕ್ಯಾನ್ ಮಾಡುವಾಗ ಮುಖಗಳಷ್ಟೇ ಸಾಕೆಂದು ಅಂಚು ಕತ್ತರಿಸಬೇಡಿ. ಫೋಟೋದ ನಾಲ್ಕೂ ತುದಿ, ರಟ್ಟು, ಹಿಂಬದಿ ಎಲ್ಲವೂ ಬರಲಿ.

ಹಳಿಯಾಳ, ಮುಂಡಗೋಡದ ಬಯಲಿನ ಕಡೆ ಬಂದರೆ ಕಥೆ ಜಮೀನಿನದು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನಾದ. ಅದಕ್ಕೂ ಹಿಂದಿನ ಒಡೆತನ, ಗೇಣಿ, ಭತ್ತ ಅಳೆಯುವ ಅಂಗಳ, ಕಣದ ಸುತ್ತ ನಿಂತ ಮಂದಿ ಕಾಣುವುದು ಇಂಥ ಮನೆತನದ ಫೋಟೋಗಳಲ್ಲೇ. ದಾಂಡೇಲಿಯಲ್ಲಿ ಕೂಪು, ನಾಟಾ ಡಿಪೋ, ಅಳ್ನಾವರದ ರೈಲು, 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಅಲ್ಲಿಗೆ ಕೆಲಸ ಹುಡುಕಿ ದೇಶದ ಮೂಲೆಮೂಲೆಯಿಂದ ಬಂದವರ ಕ್ವಾರ್ಟರ್ಸು. ಕ್ಯಾಸಲ್‌ರಾಕ್‌ನಲ್ಲಿ 1961ರವರೆಗೂ ಆಚೆ ಪೋರ್ಚುಗೀಸರ ಗೋವಾ, ಈಚೆ ನಾವು. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ ಕುಟುಂಬಗಳಲ್ಲಿ ಹಿಮಾಲಯ ದಾಟುವಾಗ ಬಟ್ಟೆಯ ಗಂಟಿನಲ್ಲಿ ತಂದ ಚಿತ್ರಗಳಿದ್ದರೆ ಆಶ್ಚರ್ಯವಿಲ್ಲ.

ಇನ್ನು ಸಿದ್ದಿಯರು, ಗೌಳಿಗಳು, ಕುಣಬಿಗಳು. ಅವರ ಹಿರಿಯರ ಮನೆಯಲ್ಲಿ ಕ್ಯಾಮೆರಾ ಎಲ್ಲಿ ಬರಬೇಕು? ಅವರ ಅಜ್ಜ ಅಜ್ಜಿಯರ ಚಿತ್ರ ಇದ್ದರೆ ಅದು ಇನ್ನೊಬ್ಬರ ಮನೆಯ ಫೋಟೋದ ಅಂಚಿನಲ್ಲಿದೆ. ವಾಡೆಯ ಫೋಟೋ ವಾಡೆಯವರದಷ್ಟೇ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ಒಂದು ಕಾಪಿ ಅಂಚಿನಲ್ಲಿ ನಿಂತವರ ಮೊಮ್ಮಕ್ಕಳಿಗೂ ಹೋಗಬೇಕು.

ಪ್ಲೈವುಡ್, ಊದಿನಕಡ್ಡಿ, ನುಸಿ ಗುಳಿಗೆ

ಫೋಟೋ ಹಾಳಾಗುವುದು ಮುಖ್ಯವಾಗಿ ತೇವದಿಂದ. ಗಾಳಿಯ ತೇವಾಂಶ ಶೇ 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಜೋಯಿಡಾದ ಜುಲೈ ತಿಂಗಳಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಹುಡುಕಬೇಕು. ಕಪ್ಪುಬಿಳುಪು ಪ್ರಿಂಟಿನ ಮೇಲ್ಪದರ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಅಂಟು. ಬೂಷ್ಟಿಗೂ ಹುಳುವಿಗೂ ಅದು ಊಟ. ತೇವ ಕುಡಿದರೆ ಉಬ್ಬಿ, ಮುಂದಿರುವ ಗಾಜಿಗೇ ಅಂಟುತ್ತದೆ.

ಹಾಗೆ ಗಾಜಿಗೆ ಅಂಟಿದ ಫೋಟೋ ಎಳೆದು ಕೀಳಬೇಡಿ. ಮುಖದ ಪದರವೇ ಕಿತ್ತು ಬರುತ್ತದೆ. ವಾಡೆಯ ನಾಲ್ಕು ಫೋಟೋಗಳಲ್ಲಿ ಒಂದನ್ನು ಮನೆಯ ಹುಡುಗನೊಬ್ಬ ಬ್ಲೇಡಿನಿಂದ ಬಿಡಿಸಲು ಹೋಗಿ, ಅಜ್ಜನ ಎಡಗಣ್ಣು ಗಾಜಿನಲ್ಲೇ ಉಳಿಯಿತು. ಉಳಿದ ಮೂರನ್ನು ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟು ತೆಗೆದೆವು. ಚೆನ್ನಾಗಿಯೇ ಬಂತು.

ಗೋಡೆಯ ಫೋಟೋಗಳನ್ನು ಇಳಿಸಿ ಹಿಂಬದಿ ನೋಡಿ. ನಮ್ಮ ಕಡೆ ಚೌಕಟ್ಟಿನ ಹಿಂದೆ ಹಾಕುವುದು ಪ್ಲೈವುಡ್ ತುಂಡು ಇಲ್ಲವೇ ಹಳೆಯ ರಟ್ಟು. ಎರಡರಿಂದಲೂ ಆಮ್ಲ ಹೊರಟು ಫೋಟೋವನ್ನು ಕಂದು ಮಾಡುತ್ತದೆ. ಪ್ಲೈವುಡ್ಡಿಗೂ ಕಾಗದಕ್ಕೂ ಹೆಸರಾದ ದಾಂಡೇಲಿಯವರಿಗೆ ಪ್ಲೈವುಡ್ಡು ಮತ್ತು ಕಾಗದವೇ ಫೋಟೋದ ಶತ್ರು ಎಂದು ಹೇಳಬೇಕಾಗಿ ಬಂದದ್ದು ತಮಾಷೆಯೇ. ಆಮ್ಲವಿಲ್ಲದ ಕಾಗದ, ರಟ್ಟು ದೊಡ್ಡ ಊರಿನ ಕಲಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಆಸಿಡ್ ಫ್ರೀ ಎಂದೇ ಕೇಳಿ. ಮಳೆ ಹೊಡೆಯುವ ಹೊರಗೋಡೆಯಲ್ಲಿ ಫೋಟೋ ತೂಗಬೇಡಿ, ಒಳಗೋಡೆಗೆ ಬರಲಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಫೋಟೋಗೂ ನಡುವೆ ಗಾಳಿ ಆಡುತ್ತದೆ. ಗತಿಸಿದ ಹಿರಿಯರ ಫೋಟೋಗೆ ದೀಪ, ಊದಿನಕಡ್ಡಿ, ಕುಂಕುಮ, ಹೂವು ತಪ್ಪುವುದಿಲ್ಲ, ತಪ್ಪಬೇಕೆಂದೂ ನಾನು ಹೇಳುವುದಿಲ್ಲ. ಪೂಜೆಗೆ ಒಂದು ಒಳ್ಳೆಯ ನಕಲು ಮಾಡಿಸಿ ತೂಗಿ. ಮೂಲ ಪೆಟ್ಟಿಗೆಯೊಳಗೆ ಹೋಗಲಿ.

ಪೆಟ್ಟಿಗೆ ಎಂದರೆ ಅಟ್ಟದ ಮೇಲಿನದಲ್ಲ. ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ತೊಯ್ಯುತ್ತದೆ. ನೆಲಕ್ಕೆ ತಾಗದಂತೆ ಇಟ್ಟ ಸ್ಟೀಲ್ ಕಪಾಟಿನ ನಡು ಅಂಕಣ ಒಳ್ಳೆಯದು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿನಲ್ಲಿ ಒಂದೊಂದೇ ಫೋಟೋ ಇಡಬಹುದು. ಮೂಗಿಗೆ ಹೊಸ ರೇನ್‌ಕೋಟಿನ ವಾಸನೆ ಹೊಡೆಯುವ ಮೆತ್ತನೆಯ ಪಿವಿಸಿ ಕವರು ಬೇಡವೇ ಬೇಡ. ತೇವ ಜಾಸ್ತಿ ಇರುವ ಕಡೆ ಪ್ಲಾಸ್ಟಿಕ್ಕಿಗಿಂತ ಆಮ್ಲವಿಲ್ಲದ ಕಾಗದದ ಲಕೋಟೆಯೇ ಲೇಸು, ಅದು ಉಸಿರಾಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ಬಣ್ಣ ಬದಲಾದ ಮೇಲೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಬಹುದು. ನುಸಿ ಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಫಿಲ್ಮಿಗೂ ಒಳ್ಳೆಯದಲ್ಲ. ಬೇವಿನ ಎಲೆ ಹಾಕುವ ರೂಢಿ ಇದ್ದರೆ ಪೆಟ್ಟಿಗೆಯ ಹೊರಗೆ ಇಡಿ, ಒಳಗಿಟ್ಟರೆ ಕಲೆಯಾಗುತ್ತದೆ.

1980-90ರ ದಶಕಗಳಲ್ಲಿ ಮದುವೆ ಮನೆಗೆಲ್ಲ ಬಂದ ಅಂಟು ಪುಟದ ಆಲ್ಬಂಗಳ ಮೇಲೆ ನನಗೆ ವಿಶೇಷ ಸಿಟ್ಟಿದೆ. ಮೇಲೆ ಪಾರದರ್ಶಕ ಹಾಳೆ, ಕೆಳಗೆ ಅಂಟಿನ ಗೆರೆಗಳು. ಆ ಅಂಟು ಕಾಲ ಕಳೆದಂತೆ ಹಳದಿಯಾಗಿ ಫೋಟೋವನ್ನು ಶಾಶ್ವತವಾಗಿ ಹಿಡಿದುಕೊಳ್ಳುತ್ತದೆ. ಸುಲಭವಾಗಿ ಬಿಟ್ಟರೆ ಹಲ್ಲಿನ ನಡುವೆ ಬಳಸುವ ಡೆಂಟಲ್ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ನಿಧಾನ ಗರಗಸದಂತೆ ಎಳೆಯಿರಿ. ಬಿಡದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ ಸುಮ್ಮನಾಗಿ. ಹಳೆಯ ಕಪ್ಪು ಕಾಗದದ, ಮೂಲೆಗೆ ಸಿಕ್ಕಿಸುವ ಆಲ್ಬಂಗಳನ್ನು ಮಾತ್ರ ಬಿಚ್ಚಬಾರದು. ಯಾವ ಫೋಟೋದ ಪಕ್ಕ ಯಾವುದು ಎಂಬ ಕ್ರಮದಲ್ಲೇ ಅರ್ಧ ಕಥೆ ಇರುತ್ತದೆ.

ಕಪ್ಪುಬಿಳುಪು ಫೋಟೋದ ಗಾಢ ಭಾಗದಲ್ಲಿ ನೀಲಿ ಛಾಯೆಯ ಲೋಹದ ಹೊಳಪು ಕಂಡರೆ ಅದು ಕೊಳೆಯಲ್ಲ, ಬೆಳ್ಳಿಯೇ ಮೇಲೆ ಬಂದದ್ದು. ಉಜ್ಜಬೇಡಿ. ಒದ್ದೆ ಬಟ್ಟೆ, ಸ್ಪಿರಿಟ್, ಸೆಲ್ಲೋಟೇಪು ಯಾವುದೂ ಬೇಡ.

ನೆಗೆಟಿವ್ ಇದ್ದರೆ ಮೂಸಿ ನೋಡಿ. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕರಗುತ್ತಿದೆ ಎಂದರ್ಥ. ಈ ಕಾಯಿಲೆಯ ಮೊದಲ ದೂರು ಕೊಡಕ್ ಕಂಪನಿಗೆ ಹೋದದ್ದು 1950ರ ದಶಕದಲ್ಲಿ, ಅದೂ ಭಾರತ ಸರ್ಕಾರದಿಂದ. ಸೆಕೆ, ತೇವ ಎರಡೂ ಇರುವ ದೇಶದಲ್ಲಿ ಅದು ಮೊದಲು ಕಂಡದ್ದು ಸಹಜ. ವಾಸನೆ ಬಂದವನ್ನು ಬೇರೆ ಮಾಡಿ, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಿ. ಪಕ್ಕದ ನೆಗೆಟಿವ್‌ಗಳಿಗೂ ಅದು ಹಬ್ಬುತ್ತದೆ.

2019ರ ಆಗಸ್ಟ್ ನೆರೆಯನ್ನು ಕಂಡ ಜಿಲ್ಲೆ ಇದು, ಹಾಗಾಗಿ ಇನ್ನೊಂದು ಮಾತು. ನೀರಿಗೆ ಬಿದ್ದ ಫೋಟೋಗಳನ್ನು ಹಪ್ಪಳದಂತೆ ಬಿಸಿಲಿಗೆ ಹರಡಬೇಡಿ, ಸುರುಟಿ ಒಡೆಯುತ್ತವೆ. ಒಂದಕ್ಕೊಂದು ಅಂಟಿದ್ದರೆ ತಣ್ಣಗಿನ ಶುದ್ಧ ನೀರಿನಲ್ಲಿ ಮುಳುಗಿಸಿಡಿ, ತಾವಾಗಿ ಬಿಡಬಹುದು. ಆಮೇಲೆ ಹತ್ತಿ ಬಟ್ಟೆಯ ಮೇಲೆ, ಮುಖ ಮೇಲಾಗಿ, ನೆರಳಲ್ಲಿ ಒಣಗಿಸಿ. ಎರಡು ದಿನದೊಳಗೆ ಇದು ಆಗಬೇಕು. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ, ನೆರೆ ಇಳಿದ ಮೇಲೆ ನೋಡಿಕೊಳ್ಳಬಹುದು. ಗಾಜಿನ ನೆಗೆಟಿವ್ ಮಾತ್ರ ಫ್ರೀಜರಿಗೆ ಹಾಕಬಾರದು. ಕೈಯಿಂದ ಬಣ್ಣ ತುಂಬಿದ ಫೋಟೋವನ್ನು ನೀರಿಗೆ ಅದ್ದಬಾರದು.

ಅಜ್ಜಿ, ಫೋನು, ಪೆನ್ಸಿಲು

ಈಗ ಹೆಸರಿನ ಕೆಲಸ. ಫೋಟೋಗಳಿಗೆ ಮೊದಲು ಕ್ರಮಸಂಖ್ಯೆ ಕೊಡಿ. ಮನೆಯ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಫೋನಿನ ರೆಕಾರ್ಡರ್ ಹಚ್ಚಿ, ಪ್ರತಿ ಫೋಟೋ ಕೈಗೆ ಕೊಡುವ ಮೊದಲು ಫೋಟೋ ನಂಬರ್ ಹದಿನಾಲ್ಕು ಎಂದು ಗಟ್ಟಿಯಾಗಿ ಹೇಳಿ. ಇದೊಂದು ಮರೆತರೆ ಆಮೇಲೆ ಎರಡು ಗಂಟೆಯ ಧ್ವನಿಮುದ್ರಣದಲ್ಲಿ ಇವನು ನಮ್ಮ ಮಾವನ ಮಗ ಎಂಬ ಮಾತು ಯಾವ ಫೋಟೋಗೆ ಸೇರಿದ್ದೆಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ನಾನು ಕೆರೆದುಕೊಂಡಿದ್ದೇನೆ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಅವರ ಜಗಳದಲ್ಲೇ ಸತ್ಯ ಹೊರಬರುತ್ತದೆ.

ಈ ಸೀಮೆಯಲ್ಲಿ ಒಂದೇ ಮನೆಯಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ನಡೆಯುತ್ತವೆ. ಅಜ್ಜಿ ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಹೇಳಲಿ. ಹಿಂಬದಿಯಲ್ಲಿ ಮರಾಠಿಯ ಹಳೆಯ ಮೋಡಿ ಲಿಪಿಯಿದ್ದು ಓದಲು ಬಾರದಿದ್ದರೆ ಹಾಗೇ ಸ್ಕ್ಯಾನ್ ಮಾಡಿಡಿ, ಓದುವವರು ಸಿಗುತ್ತಾರೆ. ಗೊತ್ತಾದ ಹೆಸರುಗಳನ್ನು ಫೋಟೋದ ಹಿಂದೆ, ಅಂಚಿನಲ್ಲಿ, ಮೆತ್ತನೆಯ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ, ಶಾಯಿ ಒಸರುತ್ತದೆ. ಪ್ಲಾಸ್ಟಿಕ್ ಲೇಪದ ಕಲರ್ ಪ್ರಿಂಟಿಗೆ ಪೆನ್ಸಿಲು ಹಿಡಿಯುವುದಿಲ್ಲ, ಲಕೋಟೆಯ ಮೇಲೆ ಬರೆಯಿರಿ, ಅದೂ ಫೋಟೋ ಒಳಗೆ ಹಾಕುವ ಮೊದಲು. ಎಡದಿಂದ ಬಲಕ್ಕೆ ಎಲ್ಲರ ಹೆಸರು, ಊರು, ಸಂದರ್ಭ, ಹೇಳಿದವರು ಯಾರು, ಹೇಳಿದ ದಿನ. ಅಂಚಿನಲ್ಲಿ ನಿಂತವರನ್ನು ಆಳು ಎಂದು ಬರೆದು ಮುಗಿಸಬೇಡಿ. ಹೆಸರು ಸಿಗದಿದ್ದರೆ ಹೆಸರು ತಿಳಿದಿಲ್ಲ ಎಂದೇ ಬರೆದು, ಯಾರನ್ನು ಕೇಳಿದಿರಿ ಎಂಬುದನ್ನೂ ಸೇರಿಸಿ. ಒಂದು ದೊಡ್ಡ ಪ್ರಿಂಟು ಹಾಕಿಸಿಕೊಂಡು ಪಕ್ಕದ ಕೇರಿಗೆ, ಸಿದ್ದಿಯರ, ಗೌಳಿಗಳ ವಾಡಿಗೆ ಹೋಗಿ ಕೇಳಿ.

ಫೋಟೋ ಯಾವ ಕಾಲದ್ದೆಂದು ಲೆಕ್ಕ ಹಾಕಲು ಕೆಲವು ಗುರುತುಗಳಿವೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯ. ಸ್ಟುಡಿಯೋದ ಮೊಹರಿನಲ್ಲಿ, ಹಿಂದಿನ ಬೋರ್ಡಿನಲ್ಲಿ ಯಾವ ಹೆಸರಿದೆ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಮೊಹರಿನಲ್ಲಿ ಪಿನ್ ಇದ್ದರೆ ಅದಕ್ಕೆ ಈಚಿನದು. ಅಂಗಳದಲ್ಲಿ ಜಾವಾ ಬೈಕು ನಿಂತಿದೆಯೇ? ಮೈಸೂರಿನ ಕಾರ್ಖಾನೆಯಿಂದ ಅವು ಹೊರಬರತೊಡಗಿದ್ದು 1961ರಲ್ಲಿ. ಅಂಗೈಯಗಲದ ಚೌಕ ಪ್ರಿಂಟುಗಳು ಬಹಳಷ್ಟು ಸಲ ಅಗ್ಫಾ ಕ್ಲಿಕ್-3ರಂಥ ಕ್ಯಾಮೆರಾದವು, 1960-70ರ ಸುಮಾರಿನವು. ಇವೆಲ್ಲ ಅಂದಾಜಿಗೆ. ಬರೆಯುವಾಗ ಸುಮಾರು ಎಂಬ ಪದ ಸೇರಿಸಿ.

ಸ್ಕ್ಯಾನಿಂಗಿಗೆ ಚಪ್ಪಟೆ ಸ್ಕ್ಯಾನರ್ ಸಾಕು. ಪೋಸ್ಟ್‌ಕಾರ್ಡ್ ಗಾತ್ರಕ್ಕೆ 600 ಡಿಪಿಐ, ಚಿಕ್ಕ ಚೌಕ ಪ್ರಿಂಟಿಗೆ 1200, ನೆಗೆಟಿವ್‌ಗೆ 2400 ಅಥವಾ ಹೆಚ್ಚು. ಕಪ್ಪುಬಿಳುಪನ್ನೂ ಕಲರಿನಲ್ಲೇ ಸ್ಕ್ಯಾನ್ ಮಾಡಿ, ಕಂದು ಛಾಯೆಗೂ ಅರ್ಥವಿದೆ. ಮೂಲ ಕಡತ ಟಿಫ್ ರೂಪದಲ್ಲಿರಲಿ. ಆರು ಇಂಚು ನಾಲ್ಕು ಇಂಚಿನ ಒಂದು ಫೋಟೋ 600 ಡಿಪಿಐನಲ್ಲಿ ಸುಮಾರು 26 ಎಂಬಿ ಆಗುತ್ತದೆ, ಸಾವಿರ ಫೋಟೋಗೆ 26 ಜಿಬಿ. ಇವತ್ತಿನ ದಿನ ಅದೇನು ದೊಡ್ಡದಲ್ಲ. ಹಂಚುವುದಕ್ಕೆ ಜೆಪೆಗ್ ಮಾಡಿಕೊಳ್ಳಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ಬರುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋನಿನಿಂದಲೇ ತೆಗೆಯಬಹುದು. ಕಾಯುವುದಕ್ಕಿಂತ ಅದು ಮೇಲು.

ಊರಿನ ಸಂಗ್ರಹ ಎಲ್ಲಿ?

ಫೋಟೋವನ್ನು ಸಂಗ್ರಹಕ್ಕೆ ಕೊಡುವುದು ಎಂದರೆ ಮನೆಯಿಂದ ಕಳೆದುಕೊಳ್ಳುವುದು ಎಂಬ ಹೆದರಿಕೆ ನಮ್ಮವರಲ್ಲಿದೆ. ಸುಳ್ಳಲ್ಲ, ಪುಸ್ತಕ ಬರೆಯುತ್ತೇವೆಂದು ಒಯ್ದು ಹಿಂದಿರುಗಿಸದವರು ಊರೂರಿಗೂ ಇದ್ದಾರೆ. ಒಳ್ಳೆಯ ದಾರಿ ಬೇರೆ ಇದೆ. ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಫೋಟೋಗಳನ್ನು ಡಿಜಿಟಲ್ ಮಾಡಿತು. ಕಾಠ್ಮಂಡುವಿನ ನೇಪಾಳ ಪಿಕ್ಚರ್ ಲೈಬ್ರರಿ 2011ರಿಂದ ಮನೆಮನೆಯ ಆಲ್ಬಂಗಳಿಂದಲೇ ಲಕ್ಷಕ್ಕೂ ಮಿಕ್ಕಿ ಚಿತ್ರ ಕೂಡಿಸಿದೆ. ಕ್ಯಾಸಲ್‌ರಾಕ್ ಘಟ್ಟದ ಕೆಳಗೇ, ಗೋವಾದಲ್ಲಿ, ಗೋವಾ ಫೆಮಿಲಿಯಾ ಎಂಬ ಹೆಸರಿನಲ್ಲಿ ಕುಟುಂಬದ ಫೋಟೋಗಳನ್ನೂ ನೆನಪುಗಳನ್ನೂ ಕಲೆಹಾಕುವ ಕೆಲಸ ನಡೆದಿದೆ. ಮೂಲ ಮನೆಯಲ್ಲಿ, ನಕಲು ಸಂಗ್ರಹದಲ್ಲಿ: ನಮಗೂ ಇದೇ ಸರಿ.

ಶುರು ಮಾಡಲು ಕಟ್ಟಡ ಬೇಕಿಲ್ಲ. ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಕಾಲೇಜಿನ ಇತಿಹಾಸ ವಿಭಾಗ, ನೂರು ವರ್ಷ ಕಂಡ ಸರ್ಕಾರಿ ಶಾಲೆ, ಇವುಗಳಲ್ಲಿ ಒಂದು ಕಂಪ್ಯೂಟರು, ಒಂದು ಕಪಾಟು, ಜವಾಬ್ದಾರಿ ಹೊರುವ ಇಬ್ಬರು ಇದ್ದರಾಯಿತು. ಒಬ್ಬರಾದರೆ ವರ್ಗವಾಗಿ ಹೋಗುತ್ತಾರೆ, ಅದಕ್ಕೇ ಇಬ್ಬರು. ಮನೆ ಮಾರಿ ಹೋಗುತ್ತಿದೆ, ಮುಂದೆ ನೋಡುವವರಿಲ್ಲ ಎಂಬಂಥ ಸ್ಥಿತಿಯಲ್ಲಿ ಮೂಲವನ್ನೇ ಕೊಡಬೇಕಾದರೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯನ್ನು, ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಿ ನೋಡಿ. ಮುಂಡಗೋಡದವರಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹತ್ತಿರ.

ಕೊಡುವಾಗ ಒಂದು ಪುಟದ ಕಾಗದ ಮಾಡಿಕೊಳ್ಳಿ. ಕೊಟ್ಟದ್ದು ಮೂಲವೋ ನಕಲೋ, ದಾನವೋ ಎರವೋ, ಯಾರು ಯಾವುದಕ್ಕೆ ಬಳಸಬಹುದು, ಯಾವ ಫೋಟೋ ಸದ್ಯ ಹೊರಗೆ ತೋರಿಸಬಾರದು. ಮನೆಯ ಹೆಣ್ಣುಮಕ್ಕಳನ್ನು ಕೇಳದೆ ಅವರ ಫೋಟೋ ಕೊಡಬಾರದು, ಶವದ ಮುಂದೆ ಕೂತು ತೆಗೆಸಿದ ಚಿತ್ರಗಳ ಬಗ್ಗೆಯೂ ಮನೆಯವರೆಲ್ಲ ಸೇರಿ ತೀರ್ಮಾನಿಸಬೇಕು. ಕಾನೂನಿನ ಮಾತು: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋದ ಹಕ್ಕು 2012ರ ತಿದ್ದುಪಡಿಯವರೆಗೆ ಪ್ರಕಟವಾದ ಮೇಲೆ 60 ವರ್ಷ ಇತ್ತು, ಈಗ ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು. ಆದರೂ ಸ್ಟುಡಿಯೋದ ಹೆಸರು ಗೊತ್ತಿದ್ದರೆ ಬರೆಯಿರಿ. ಆ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದವರ ಹೆಸರೂ ಅಂಚಿನಲ್ಲಿ ನಿಂತವರ ಹಾಗೆಯೇ ಕಳೆದುಹೋಗಿದೆ.

ವಾಡೆಯ ಆ ಫೋಟೋದ ಪ್ರಿಂಟು ಹಿಡಿದು ನಾವು ಎರಡು ಕಡೆ ಹೋಗಿ ಬಂದೆವು. ಹೆಸರು ಸಿಗಲಿಲ್ಲ. ಪ್ರತಿ ವರ್ಷ ಆ ಮನೆಯ ಗಾಡಿಯನ್ನು ಉಳವಿ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದವನು ಅವನೇ ಎಂದು ಒಬ್ಬ ಮುದುಕಿ ಹೇಳಿದಳು. ಅಷ್ಟನ್ನು, ಹೇಳಿದವಳ ಹೆಸರಿನೊಂದಿಗೆ, ಲಕೋಟೆಯ ಮೇಲೆ ಬರೆದಿದ್ದೇವೆ.

ಮಾಘದಲ್ಲಿ, ಉಳವಿ ಜಾತ್ರೆಯ ಹೊತ್ತಿಗೆ ಹೊರಊರಿನವರೆಲ್ಲ ಮನೆಗೆ ಬರುತ್ತಾರೆ. ಗಾಳಿ ಒಣಗಿರುತ್ತದೆ, ಫೋಟೋ ಹೊರತೆಗೆಯಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಊಟದ ಎಲೆ ಎತ್ತಿದ ಮೇಲೆ ಟ್ರಂಕು ನಡುಮನೆಗೆ ತನ್ನಿ. ಪೆನ್ಸಿಲು ಮೊದಲೇ ತಂದಿಟ್ಟುಕೊಳ್ಳಿ, 2ಬಿ ಎಂದು ಕೇಳಿದರೆ ಶಾಲೆಯ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ.